ತೆಂಗಿನಕಾಯಿ ನೀರಲ್ಲ

ಆಯುಧ ಪೂಜೆಯ ಬೆಳಿಗ್ಗೆ, ರಾಯದುರ್ಗದ ಜೀನ್ಸ್ ಯೂನಿಟ್ಟಿನ ಮಹಡಿ ಕೋಣೆಯಲ್ಲಿ, ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ನಾನು ನಿಂತಿದ್ದೆ. ಕೂತಿರಲಿಲ್ಲ — ಕುರ್ಚಿಗಳನ್ನು ತೊಳೆಯಲು ಹೊರಗೆ ಹಾಕಿದ್ದರು. ಲಕ್ಷ್ಮಕ್ಕಾ, ನಿಮ್ಮ ಪ್ಯಾಟರ್ನುಗಳನ್ನು ಅಳಿಸಿದ್ದು ನಾನು. ತೆಂಗಿನಕಾಯಿ ನೀರಲ್ಲ.

ಆಗ ನಾನೂ ಓಬಳೇಶನೂ ಆ ಕೋಣೆಯ ದೊರೆಗಳು. ಬಳ್ಳಾರಿಯಲ್ಲಿ ಮೂರು ತಿಂಗಳು ಕಲಿತು ಬಂದು, ಬಾಗಿಲಿಗೆ ‘ಸಿಸ್ಟಮ್ ಅಡ್ಮಿನಿಸ್ಟ್ರೇಟರ್’ ಎಂದು ಚೀಟಿ ಅಂಟಿಸಿಕೊಂಡ ಇಬ್ಬರು ಹುಂಬರು. ಊರಿನ ಕೆಲವು ಯೂನಿಟ್ಟಿನವರು ಸೇರಿ ಎಂಟು ಹಳೆಯ ಕಂಪ್ಯೂಟರು ಕೊಂಡಿದ್ದರು. ಅವನ್ನು ತಂತಿಯಿಂದ ಜೋಡಿಸಿ ಒಂದೇ ಯಂತ್ರದಂತೆ ದುಡಿಸಬೇಕಿತ್ತು — ಪ್ಯಾಂಟಿನ ತುಂಡುಗಳನ್ನು ಬಟ್ಟೆಯ ಮೇಲೆ ಹೇಗೆ ಹೊಂದಿಸಿದರೆ ಚಿಂದಿ ಕಡಿಮೆ ಬೀಳುತ್ತದೆ ಎಂಬ ಲೆಕ್ಕಕ್ಕೆ. ಇದಕ್ಕೆ ಕ್ಲಸ್ಟರ್ ಎಂದು ಹೆಸರು. ಆ ಹೆಸರು ಹೇಳುವಾಗ ನಮ್ಮ ಎದೆ ಉಬ್ಬುತ್ತಿತ್ತು.

ರಟ್ಟಿನಲ್ಲಿ ಕತ್ತರಿಸಿಟ್ಟ ತುಂಡುಗಳ ಅಳತೆಯನ್ನು — ಪ್ಯಾಟರ್ನುಗಳನ್ನು — ಕಂಪ್ಯೂಟರಿಗೆ ಏರಿಸುತ್ತಿದ್ದವರು ನೀವು. ಮಡಕಶಿರದಿಂದ ಮಗಳನ್ನು ಕರೆದುಕೊಂಡು ದುಡಿಯಲು ಬಂದವರು. ನಿಮ್ಮ ಜಾಗ ಕೆಳಗೆ, ಮಹಡಿಯಿಂದ ತಂತಿ ಎಳೆದುಕೊಟ್ಟ ಬೇರೊಂದು ಪರದೆಯ ಮುಂದೆ. ಮಹಡಿಗೆ ನಿಮ್ಮನ್ನು ಬಿಡುತ್ತಿರಲಿಲ್ಲ, ಧೂಳು ಬರುತ್ತದೆ ಎನ್ನುತ್ತಿದ್ದೆವು. ನಾವು ಮಾತ್ರ ಅಲ್ಲೇ ಕೂತು ಮಂಡಕ್ಕಿ ತಿನ್ನುತ್ತಿದ್ದೆವು.

ಏರಿಸಿದ ಮೇಲೆ ರಟ್ಟುಗಳನ್ನು ಎತ್ತಿಡಲೇ ಎಂದು ಒಮ್ಮೆ ಕೇಳಿದಿರಿ. ಎಂಟು ಪೆಟ್ಟಿಗೆಯಲ್ಲಿ ಎಂಟು ನಕಲು ಇರುವಾಗ ರಟ್ಟು ಯಾರಿಗೆ ಬೇಕು ಎಂದು ನಕ್ಕೆ. ಗುಜರಿಗೆ ಹಾಕಿಸಿದೆ.

ಎಂಟು ನಕಲು ಇರಲಿಲ್ಲ. ಇದ್ದುದು ಒಂದೇ ಡಿಸ್ಕು. ಅದೇ ಎಂಟೂ ಪರದೆಗಳಲ್ಲಿ ಕಾಣುತ್ತಿತ್ತು. ಜೋಡಿಸಿದವರು ನಾವೇ — ಹೇಳಿಕೊಟ್ಟ ಹಾಗೆ ಜೋಡಿಸಿದ್ದೆವು, ಏನು ಜೋಡಿಸಿದೆವು ಎಂಬುದು ಮಾತ್ರ ತಿಳಿದಿರಲಿಲ್ಲ.

ಹಬ್ಬದ ದಿನ ಕೆಳಗೆ ಹೊಲಿಗೆ ಯಂತ್ರಗಳ ನೂಲು, ಎಣ್ಣೆಜಿಡ್ಡು ತೆಗೆಯುತ್ತಿದ್ದರು. ನಮ್ಮ ಯಂತ್ರವೂ ಆಯುಧವಲ್ಲವೇ — ಒಳಗೂ ಶುಚಿಯಾಗಲಿ, ಜಾಗ ಬಿಡುವಾಗಲಿ ಎಂದು ಕಿಟಕಿ ಪಕ್ಕದ ಪೆಟ್ಟಿಗೆಯಿಂದ ನಿಮ್ಮ ಫೋಲ್ಡರನ್ನು ಅಳಿಸಿದೆ. ಉಳಿದ ಏಳರಲ್ಲಿ ಇದೆಯಲ್ಲ. ಪಕ್ಕದ್ದನ್ನು ನೋಡಿದೆ. ಇರಲಿಲ್ಲ. ಅದರಾಚೆಯದು — ಬಾಗಿಲಿಗೆ ಹೂವಿನ ಹಾರ ಕಟ್ಟುತ್ತಿದ್ದ ಓಬಳೇಶ ಹತ್ತಿರ ಬಂದು ಪರದೆ ನೋಡಿದ, ನನ್ನ ಮುಖ ನೋಡಿದ.

ಆಮೇಲೆ ನಾನು ಕೆಳಗಿಳಿದು ನಿಮ್ಮನ್ನು ಕರೆದೆ. “ಪೂಜೆ ನೀವೇ ಮಾಡ್ರಕ್ಕ, ಒಳಗ ಬರ್ರಿ.”

ಎರಡು ವರ್ಷದಲ್ಲಿ ಅದೇ ಮೊದಲು. ನೀವು ಕೈಕಾಲು ತೊಳೆದು ಬಂದಿರಿ, ಎಂಟಕ್ಕೂ ಕುಂಕುಮ ಇಟ್ಟಿರಿ, ಕಾಯಿ ಒಡೆದಿರಿ. ನಾಲ್ಕು ಹನಿ ಪೆಟ್ಟಿಗೆಗೆ ಸಿಡಿದವು, ಸೆರಗಿನಿಂದ ಒರೆಸಿದಿರಿ. ತಪ್ಪನ್ನು ನಿಮ್ಮ ಮೇಲೆ ಹಾಕುವ ಯೋಚನೆ ಕರೆಯುವಾಗಲೇ ನನ್ನ ಮನಸ್ಸಿನಲ್ಲಿ ಇತ್ತೇ — ಇತ್ತು. ಬೇರೆ ಹೇಳಿದರೆ ಇನ್ನೊಂದು ಸುಳ್ಳು.

ಹಬ್ಬ ಮುಗಿದು ಕೆಲಸ ಶುರುವಾದಾಗ ಮಾಲೀಕ ತಿಪ್ಪೇಸ್ವಾಮಿಯವರಿಗೆ, “ಕಾಯಿ ನೀರು ಒಳಗ ಇಳದೈತ್ರಿ, ಪ್ಯಾಟರ್ನು ಎಲ್ಲಾ ಹೋಗ್ಯಾವ” ಎಂದೆ.

ಅವರು ನಿಮ್ಮನ್ನು ಕರೆಸಿದರು. “ಒಡಿಯಾಕ ಹೊರಗ ಕಲ್ಲು ಇರಲಿಲ್ಲೇನಮ್ಮ?”

ನೀವು ನನ್ನ ಕಡೆ ತಿರುಗಿ, “ನೀನೇ ಕರೆದೆ ಅಲ್ವೇನಪ್ಪ, ಒಳಕ್ಕೆ?” ಎಂದಿರಿ. ನಾನು ತಂತಿಗಳನ್ನು ನೋಡುತ್ತಿದ್ದೆ — ಅಲ್ಲೇನೋ ತಪ್ಪು ಹುಡುಕುವವನಂತೆ.

ನಿಮ್ಮನ್ನು ಕೆಲಸದಿಂದ ತೆಗೆದರು. ಬೇರೆ ಯೂನಿಟ್ಟಿನವರೂ ಸೇರಿಸಲಿಲ್ಲ. ಕಂಪ್ಯೂಟರು ಕೆಡಿಸಿದವಳು ಎಂಬ ಮಾತು ನಿಮಗಿಂತ ಮೊದಲೇ ಅಲ್ಲಿಗೆ ತಲುಪುತ್ತಿತ್ತು. ಮಗಳಿಗೆ ಶಾಲೆ ಬಿಡಿಸಿ ಮಡಕಶಿರಕ್ಕೆ ಹೋದಿರಿ. ನಾನು ಕೆಟ್ಟ ಯಂತ್ರವನ್ನು ಸರಿಮಾಡಿದವನೆಂದು ಶಾಲು ಹೊದಿಸಿಕೊಂಡೆ. ಯಂತ್ರ ಕೆಟ್ಟಿರಲಿಲ್ಲ. ಅದು ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ತಿಪ್ಪೇಸ್ವಾಮಿಯವರು ನಿಮ್ಮನ್ನು ಬೈಯುತ್ತಲೇ ತೀರಿಕೊಂಡರು. ನಾನು ತಡೆಯಲಿಲ್ಲ.

ನಾನು ಅಳಿಸಿದ್ದನ್ನು ಕಣ್ಣಾರೆ ಕಂಡವನು ಓಬಳೇಶ ಒಬ್ಬನೇ. ಗುಮ್ಮಘಟ್ಟದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಿಮಗೆ ಬರೆದ ಇಷ್ಟನ್ನೂ ಮೊದಲು ಅವನ ಮುಂದೆ ಓದಿದೆ. ಅವನು ತಲೆ ಎತ್ತದೆ ಕೇಳಿ, ಕೊನೆಗೆ ಹೇಳಿದ: “ಕಾಯಿ ಒಡಿಯೋ ಮುಂದ ಆ ಅಕ್ಕ ನಮ್ಮಿಬ್ರ ಹೆಸರು ಹೇಳಿ ಕೈ ಮುಗುದ್ಲಲ್ಲೋ. ಅದನ್ನ ಯಾಕ ಬಿಟ್ಟಿ?”

ಬಿಟ್ಟಿದ್ದೆ. ಈಗ ಬರೆದಿದ್ದೇನೆ.