ಚಂದ್ರನಿದ್ದ ಅಮಾವಾಸ್ಯೆ

ಸರಿತಾ ನಲ್ಲಿಯ ಬಳಿ ನಿಂತಲ್ಲೇ ನಿದ್ದೆ ಹೋಗಿದ್ದಳು. ಕೊಡ ತುಂಬಿ ಉಕ್ಕಿ, ನೀರು ಅವಳ ಪಾದದ ಮೇಲಿಂದ ಹರಿದು ಗಟಾರಕ್ಕೆ ಹೋಗುತ್ತಿತ್ತು. ಬಾಗಿಲ ಮಗ್ಗುಲಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದ ಅತ್ತೆ ಹೀರಾಬಾಯಿ ಅದನ್ನು ಕಂಡಳು. ಸೊಸೆಯನ್ನು ಕೂಗಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಎದ್ದು ಹೋಗಿ ನಲ್ಲಿ ಬಂದ್ ಮಾಡಿದಳು. ನೀರಿನ ಸಪ್ಪಳ ನಿಂತದ್ದಕ್ಕೇ ಸರಿತಾಳಿಗೆ ಎಚ್ಚರವಾಯಿತು.

"ಏನಿಲ್ಲ್ರಿ ಅತ್ತಿ, ಕಣ್ಣಾಗ ಸಾಬಾಣ ಹೋಗಿತ್ತು" ಎಂದಳು.

ಅಲ್ಲೆಲ್ಲೂ ಸಾಬೂನು ಇರಲಿಲ್ಲ. ಹೀರಾಬಾಯಿ ಇಲ್ಲವೆನ್ನಲೂ ಇಲ್ಲ.

ಬೀದರದ ಮೈಲೂರಿನಲ್ಲಿ ಅವರದು ಎರಡು ಖೋಲಿಯ ಬಾಡಿಗೆ ಮನೆ. ಮಗ ಶಿವಕಾಂತ ಭಾಲ್ಕಿ ರಸ್ತೆಗೆ ಟಂಟಂ ಆಟೋ ಓಡಿಸುತ್ತಾನೆ. ಸರಿತಾ ಒಂದು ದವಾಖಾನೆಯಲ್ಲಿ ಆಯಾ. ಹಗಲೆಲ್ಲ ನಿಂತು ದುಡಿದು ಬಂದವಳಿಗೆ ಮನೆಯಲ್ಲಿ ಒಲೆ, ಬಟ್ಟೆ, ನೀರು ಕಾದಿರುತ್ತವೆ. ರವಿವಾರ ಒಂದೇ ಅವಳಿಗೆ ಸೂಟಿ. ಆ ರವಿವಾರವೂ ಈ ಸಲ ಕೈಬಿಟ್ಟು ಹೋಗಿತ್ತು. ಹೀರಾಬಾಯಿಯ ತವರು ಔರಾದ. ಅಲ್ಲಿಂದ ಅವಳ ತಮ್ಮನ ಹೆಂಡತಿ ಕಾಂತಾಬಾಯಿ ಮಕ್ಕಳು ಮರಿಗಳ ಸಮೇತ ಮೊದಲನೇ ಬಸ್ಸಿಗೆ ಬರುವವಳಿದ್ದಳು. ಮದುವೆಯ ಬಟ್ಟೆ ಕೊಳ್ಳುವುದಿತ್ತು. ಅವಳ ಹಿರಿಯ ಮಗನಿಗೆ ಹೋಳಿಗೆ ಬೇಕಂತೆ. ಶಿವಕಾಂತ ಫೋನಿನಲ್ಲೇ ಹೂಂ ಎಂದುಬಿಟ್ಟಿದ್ದ.

ಮುಂಜಾನೆಯೇ ಹೀರಾಬಾಯಿ ಮಗನಿಗೆ ನೇರವಾಗಿ ಹೇಳಿ ನೋಡಿದ್ದಳು, ಅಕಿಗೆ ಒಂದು ದಿನ ಮಲಗಲು ಬಿಡೋ ಎಂದು. ಅವನು ಕೆಟ್ಟವನಲ್ಲ. ಟಂಟಂದ ಗಾಜು ಒರೆಸುತ್ತಲೇ, ಮಂದಿ ಹೆಂಗಸರೆಲ್ಲ ಮಾಡುವುದಿಲ್ಲವೇ, ನೀನು ಮಾಡಲಿಲ್ಲವೇ ಎಂದು ಕೇಳಿದ್ದ. ನೀನು ಮಾಡಲಿಲ್ಲವೇ ಎಂದಾಗ ಹೀರಾಬಾಯಿ ತಿರುಗಿ ಒಳಗೆ ಬಂದಿದ್ದಳು. ತಾನು ಹ್ಯಾಗೆ ಮಾಡಿದೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು, ಅಥವಾ ಹಾಗೆಂದು ಅವಳು ತಿಳಿದಿದ್ದಳು.

ಕೈಲಾದರೆ ಹೋಳಿಗೆಯನ್ನು ತಾನೇ ತಟ್ಟುತ್ತಿದ್ದಳು. ಆದರೆ ಈಗ ಅವಳ ಮಣಿಕಟ್ಟು ಲಟ್ಟಣಿಗೆಯನ್ನು ಎರಡು ಸಲ ಹೊರಳಿಸುವಷ್ಟರಲ್ಲೇ ಸೋಲುತ್ತದೆ. ಸೊಪ್ಪು ಸೋಸುವುದು, ಮೊಮ್ಮಗಳನ್ನು ಕಾಯುವುದು, ಇಷ್ಟೇ ಅವಳ ಪಾಲಿಗೆ ಉಳಿದ ಕೆಲಸ.

ಮೊಮ್ಮಗಳು ಸಿದ್ದೇಶ್ವರಿ, ಮನೆಯಲ್ಲಿ ಸಿದ್ದೂ, ಎರಡನೇ ಇಯತ್ತೆ. ಗಾಜು ಸೀಳಿದ ಹಳೆಯ ಫೋನೊಂದರಲ್ಲಿ ಅವಳದೊಂದು ರೆಕ್ಕೆಯ ಪರಿಗಳ ಪಿಕ್ಚರ್ ಇತ್ತು. ಚಿತ್ರ ಬರೆದು ಓಡಿಸಿದ ಸಿನಿಮಾ, ಖರೇ ಮನುಷ್ಯರು ಒಬ್ಬರೂ ಇಲ್ಲ. ಎಲ್ಲರ ಕಣ್ಣೂ ಎಮ್ಮೆಯ ಕಣ್ಣಿನಷ್ಟು ದೊಡ್ಡವು. ನೀರಿಗೆ ಹೋದರೂ ಹಾಡು, ಅತ್ತರೂ ಹಾಡು, ಜಗಳಾಡಿದರೂ ಹಾಡು. ಅದಕ್ಕೆ ಬೆಂಗಳೂರು ಕಡೆಯ ಕನ್ನಡ ಹಾಕಿದ್ದರು. ಪರಿಗಳು ಒಂದನ್ನೊಂದು "ಹೇಗಿದ್ದೀಯಾ" ಎಂದು ಕೇಳುತ್ತಿದ್ದವು. ಸಿದ್ದೂ ಅದನ್ನು ಕಲಿತು ಕಾಯಿಪಲ್ಲೆಯವಳಿಗೂ ಹಾಗೆಯೇ ಕೇಳಿ ಬೈಸಿಕೊಂಡಿದ್ದಳು.

ಅದರಲ್ಲಿ ಛತ್ರವೊಂದರಲ್ಲಿ ಪಾತ್ರೆ ತಿಕ್ಕುವ ಹುಡುಗಿ ಇದ್ದಳು. ತಿಕ್ಕಿ ತಿಕ್ಕಿ ಸಾಕಾಗಿ ಒಂದು ದಿನ ಕಾಡಿಗೆ ಓಡುತ್ತಾಳೆ. ದೊಡ್ಡ ಎಲೆಗಳನ್ನು ಹೊಲಿದು ರೆಕ್ಕೆಯ ಹಾಗೆ ಬೆನ್ನಿಗೆ ಕಟ್ಟಿಕೊಂಡು, ಪರಿಗಳ ನಡುವೆ ತಾನೂ ಪರಿಯೆಂದು ಕೂಡುತ್ತಾಳೆ. ದೋಣಿ ನಡೆಸುವ ಹುಡುಗನೊಬ್ಬ ಅವಳಿಗೆ ಮನಸ್ಸು ಕೊಟ್ಟು, ದಿನಾಲು ದಡಕ್ಕೆ ಬಂದು, ಪರಿ ಪರಿ ಎಂದು ಹಾಡುತ್ತಾನೆ. ಹೀರಾಬಾಯಿ ನೋಡಿದ್ದು ಇಷ್ಟೇ. ಸಿದ್ದೂಗೆ ಮೊದಲಿನ ಹಾಡುಗಳೇ ಬೇಕು. ಅವು ಮುಗಿದರೆ ತಿರುಗಿ ಮೊದಲಿನಿಂದ ಹಚ್ಚುತ್ತಾಳೆ.

"ಆಯಿ, ನೀ ಪರಿ ನೋಡೀದಿ?" ಎಂದು ಒಮ್ಮೆ ಅಜ್ಜಿಗೆ ಕೇಳಿದ್ದಳು.

"ನಮ್ಮ ಕಡಿ ಪರಿ ಇಲ್ಲವ್ವ, ಆಸರಾ ಇರ್ತಾರ. ಏಳು ಮಂದಿ ಅಕ್ಕ-ತಂಗೇರು. ಬಾವ್ಯಾಗ ಇರ್ತಾರ."

"ಅವರು ಹಾಡ್ತಾರ?"

"ಹಾಡೂದಿಲ್ಲ. ಹಿಡೀತಾರ."

ಹೀರಾಬಾಯಿಯನ್ನು ಆಸರಾ ಹಿಡಿದದ್ದು ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ, ಮದುವೆಯಾಗಿ ಬಂದ ಮೊದಲ ವರ್ಷ. ಗಂಡ ಧೊಂಡಿಬಾ ಕುರಿ ಕಾಯುತ್ತಿದ್ದ. ಹಟ್ಟಿಯ ಹಿಕ್ಕೆ ಬಳಿಯಬೇಕು, ಮರಿಗಳಿಗೆ ಸೊಪ್ಪು ತರಬೇಕು, ಮಂದಿಗೆಲ್ಲ ಜೋಳದ ರೊಟ್ಟಿ ಬಡಿಯಬೇಕು, ಹೊಲದಾಚೆಯ ಬಾವಿಯಿಂದ ನೀರು ಹೊರಬೇಕು. ಅವಳಿನ್ನೂ ಎಳೆಯವಳು. ಒಂದು ಅಮಾವಾಸ್ಯೆಯ ದಿನ ಬಾವಿಗೆ ಹೋದವಳು ಕೊಡ ಇಳಿಸಿ ಕೂತಳು. ಕೂತವಳಿಗೆ ಏಳಲಾಗಲಿಲ್ಲ. ಜ್ವರವಿಲ್ಲ, ನೋವಿಲ್ಲ, ಬರೀ ದಣಿವು. ಹಿಂದೆ ಬಂದ ಹೆಂಗಸರು ಕರೆದರೆ, ಓ ಎನ್ನುವಷ್ಟು ಉಸಿರೂ ಖರ್ಚು ಮಾಡಬಾರದು ಎನಿಸಿ ಸುಮ್ಮನಿದ್ದಳು. ಅವಳು ಕೂತಿದ್ದದ್ದು ಕುಂಕುಮ ಬಳಿದ ಏಳು ಕಲ್ಲುಗಳ ಪಕ್ಕದಲ್ಲಿ. ಅಷ್ಟು ಸಾಕಾಯಿತು. ಆಸರಾ ಹಿಡಿದಾರ, ಆಸರಾ ಹಿಡಿದಾರ ಎಂದು ಅವಳನ್ನು ಎತ್ತಿಕೊಂಡೇ ಮನೆಗೆ ತಂದರು.

ತಿಳಿದ ಮುದುಕಿಯೊಬ್ಬಳು ಬಂದು ಹಸಿರು ಬಳೆ, ಮೊಸರನ್ನ ಬಾವಿಗೆ ಬಿಡಿಸಿದಳು. ಏಳು ಮಂದಿಗೂ ಈ ಹುಡುಗಿ ಮನಸ್ಸಿಗೆ ಬಂದಾಳೆ, ಇನ್ನು ಬಿಡುವವರಲ್ಲ, ಅಮಾವಾಸ್ಯೆಗೊಮ್ಮೆ ಇವಳ ಮೈಮೇಲೆ ಬಂದು ವಿಶ್ರಾಂತಿ ತಗೋತಾರೆ ಎಂದು ಹೇಳಿದಳು. ಆ ದಿನ ಅವಳು ಬೆಂಕಿ, ನೀರು, ಕಸಬರಿಗೆ ಮುಟ್ಟಬಾರದು. ಮುಟ್ಟಿದರೆ ಹಟ್ಟಿಗೆ ಕೇಡು. ಅದನ್ನು ಕೇಳಿ ಹೀರಾಬಾಯಿಯ ಅತ್ತೆಯ ಮುಖ ಸಣ್ಣದಾಗಿತ್ತು. ಹೀರಾಬಾಯಿ ಒಂದು ಮಾತೂ ಸುಳ್ಳು ಹೇಳಿರಲಿಲ್ಲ. ಆದರೆ ಮುಂದಿನ ಅಮಾವಾಸ್ಯೆಗೆ ಕಂಬಳಿ ಹಾಸಿದಾಗ, ನನಗೇನೂ ಆಗಿಲ್ಲ ಎನ್ನದೆ ಹೋಗಿ ಮಲಗಿದಳು. ಸುಳ್ಳು ಅಲ್ಲಿಂದ ಶುರುವಾಯಿತು. ಎದ್ದು ಹೇಳೋಣವೆಂದು ಪ್ರತಿಸಲ ಅಂದುಕೊಳ್ಳುವಳು. ಮೈ ಕಂಬಳಿ ಬಿಡುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ನಂಬಿದವನು ಧೊಂಡಿಬಾ. ಏನು ಹೇಳಿದರೂ ನಂಬುವ ಭೋಳಾ ಮನುಷ್ಯನೆಂದು ಊರೇ ಅನ್ನುತ್ತಿತ್ತು. ಆಸರಾ ಮೆಚ್ಚಿದ ಹೆಂಡತಿ ಎಂದು ಅವಳ ಮೇಲೆ ಕೈ ಎತ್ತಲಿಲ್ಲ, ಹೊತ್ತು ಮುಳುಗಿದ ಮೇಲೆ ಬಾವಿಗೆ ಕಳಿಸಲಿಲ್ಲ. ಅಮಾವಾಸ್ಯೆ ಹತ್ತಿರ ಬಂದರೆ ಅವಳಿಗಿಂತ ಮೊದಲು ಅವನೇ ನೆನಪು ಮಾಡುವನು, ನಾಳಿ ಏಳಬ್ಯಾಡ, ಅವರು ಬರ್ತಾರ ಎಂದು. ತಾನೇ ರೊಟ್ಟಿ ಬಡಿಯುವನು. ಆ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಕು. ಊರ ಗಂಡಸರು, ಧೊಂಡಿಬಾ ನಿನ್ನ ಮೈಮೇಲೆ ಯಾರು ಬರ್ತಾರೋ, ಹೋಟೆಲಿನ ಭಟ್ಟಿಯವನಾ ಎಂದು ಚಾಷ್ಟಿ ಮಾಡಿದರೂ ನಕ್ಕು ಸುಮ್ಮನಾಗುವನು. ಅವನ ಆ ನಗು ಹೀರಾಬಾಯಿಗೆ ಮುಳ್ಳಾಗುತ್ತಿತ್ತು. ಅವನು ತೀರಿಕೊಂಡು ಇಷ್ಟು ವರ್ಷವಾದ ಮೇಲೂ, ಒಬ್ಬ ಭೋಳಾ ಮನುಷ್ಯನನ್ನು ಜನ್ಮವೆಲ್ಲ ಮೋಸ ಮಾಡಿದೆ ಎಂಬ ಭಾರ ಅವಳ ಎದೆಯಿಂದ ಇಳಿದಿರಲಿಲ್ಲ.

ಅದೇ ದಿನ, ಶನಿವಾರ ಸಂಜೆ, ಸರಿತಾ ಒಳಗೆ ಹೋಳಿಗೆಗೆ ಬೇಳೆ ಆರಿಸುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಸಿದ್ದೂ ಪಿಕ್ಚರ್ ನೋಡುತ್ತ ನೋಡುತ್ತ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದಳು. ಫೋನು ಓಡುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಹೀರಾಬಾಯಿಗೆ ಬರುತ್ತಿರಲಿಲ್ಲ. ಹೀಗಾಗಿ ಅವಳು ಮೊದಲನೇ ಸಲ ಮುಂದಿನದನ್ನು ನೋಡಿದಳು.

ಕಾಡಿನಲ್ಲಿ ಮಳೆ ಬಂತು. ಎಲೆಯ ರೆಕ್ಕೆ ತೊಯ್ದು ಹರಿದು ಬಿತ್ತು. ಹುಡುಗಿ ಮರದ ಹಿಂದೆ ಬೆನ್ನು ಮುಚ್ಚಿಕೊಂಡು ಕೂತಳು. ಪರಿಗಳೆಲ್ಲ ಅವಳನ್ನು ಹುಡುಕುತ್ತ ಬರುತ್ತಿದ್ದವು. ಅವುಗಳಿಗಿಂತ ಮೊದಲು ದೋಣಿಯ ಹುಡುಗ ಬಂದ. ಅವಳು ಮುಖ ಎತ್ತದೆ ಹೇಳಿದಳು, ನಾನು ಪರಿಯಲ್ಲ, ನಿನಗೆ ಸುಳ್ಳಾಡಿದೆ ಎಂದು. ಅವನು ತನ್ನ ಹೊದಿಕೆ ತೆಗೆದು ಅವಳ ಬೆನ್ನಿಗೆ ಹೊದಿಸಿ, ಯಾರಿಗೂ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ ಹಾಡಿದ. ಮೊದಲನೇ ದಿನವೇ ರೆಕ್ಕೆಯ ಹೊಲಿಗೆ ಕಂಡಿದ್ದೆ, ನಿನಗೆ ಹಾರಬೇಕಿತ್ತು, ಅದಕ್ಕೇ ಕಂಡೂ ಕಾಣದಂತೆ ಇದ್ದೆ.

ಹೀರಾಬಾಯಿ ಫೋನು ಹಿಡಿದುಕೊಂಡೇ ಕೂತಳು. ಹಾಡು ಮುಗಿದು, ಹೆಸರುಗಳು ಹರಿದು, ಗಾಜು ಕಪ್ಪಾಯಿತು. ಅವಳು ತಲೆ ಎತ್ತಿದಳು. ಎದುರು ಮನೆಯ ಮಾಳಿಗೆಯ ಮೇಲೆ ಅರ್ಧ ಚಂದ್ರ ನಿಂತಿದ್ದ.

ಅಂಥದೇ ಅರ್ಧ ಚಂದ್ರನಿದ್ದ ಒಂದು ಸಂಜೆ ಅವಳಿಗೆ ನೆನಪಾಯಿತು. ಶಿವಕಾಂತನಿಗಿಂತ ಕಿರಿಯ ಕೂಸೊಂದು ತೀರಿಹೋಗಿತ್ತು. ಕೂಸು ಹೋಗಿ ಎದೆಯ ಹಾಲು ಇನ್ನೂ ಬತ್ತಿರಲಿಲ್ಲ. ಮಾರನೆಯ ದಿನ ಕುರಿಯ ಉಣ್ಣೆ ಕತ್ತರಿಸುವವರು ಬರುವವರಿದ್ದರು, ಅವರಿಗೆಲ್ಲ ಅಡಿಗೆಯಾಗಬೇಕು. ಕುರಿ ಹೊಡೆದುಕೊಂಡು ಬಂದ ಧೊಂಡಿಬಾ ಬಾಗಿಲಲ್ಲಿ ನಿಂತು ಅವಳ ಮುಖ ನೋಡಿದ. ಒಳಗಿದ್ದ ತಾಯಿಗೂ ಕೇಳುವಂತೆ ಹೇಳಿದ:

"ನಾಳಿ ಅಮಾಸಿ ಅದ. ಆಸರಾ ಬರ್ತಾರ. ನೀ ಏಳಬ್ಯಾಡ."

ಅವಳು ಅಂದು ಅಂದುಕೊಂಡದ್ದು, ಪಾಪ, ದುಃಖದಲ್ಲಿ ಇವನಿಗೆ ತಿಥಿ ತಪ್ಪಿದೆ ಎಂದು. ಅತ್ತೆಗೆ ಕಣ್ಣು ಮಂಜು. ಯಾರೂ ತಿದ್ದಲಿಲ್ಲ. ಮೂರು ದಿನ ಅಮಾವಾಸ್ಯೆ ಮುಗಿಯಲಿಲ್ಲ.

ಬಯಲಲ್ಲಿ ಮಲಗಿ ಕುರಿ ಕಾಯುವವನಿಗೆ ಚಂದ್ರ ತಪ್ಪುವುದುಂಟೇ? ಧೊಂಡಿಬಾನ ನೆತ್ತಿಯ ಮೇಲೆಯೇ ಇದ್ದನಲ್ಲ ಚಂದ್ರ. ಇಷ್ಟು ವರ್ಷ ಈ ಒಂದು ಪ್ರಶ್ನೆ ತನಗೆ ಹೊಳೆಯಲಿಲ್ಲವಲ್ಲ ಎಂದು ಹೀರಾಬಾಯಿ ಕೂತೇ ಇದ್ದಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಬಹಳ ದೂರ ಹೊತ್ತು ತಂದ ಕೊಡ ಇಳಿಸಿದ ಮೇಲೆ ಹೆಗಲು ಮತ್ತಷ್ಟು ನೋಯುತ್ತದಲ್ಲ, ಹಾಗೆ ನೋಯಿತು. ಭೋಳಾ ಯಾರು ಆದರು? ಹೇಳೋಣವೆಂದರೆ ಅವನಿಲ್ಲ.

ಒಳಗೆ ಏನೋ ಬಿದ್ದ ಸಪ್ಪಳವಾಯಿತು. ಬೇಳೆಯ ತಟ್ಟೆ. ಸರಿತಾ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಚೆಲ್ಲಿದ ಬೇಳೆಯನ್ನು ನೋಡುವ ಶಕ್ತಿಯೂ ಇರಲಿಲ್ಲ. ಅದೇ ಹೊತ್ತಿಗೆ ಶಿವಕಾಂತ ಟಂಟಂ ನಿಲ್ಲಿಸಿ ಬಂದ. ಔರಾದದವರು ಮುಂಜಾನೆ ಹೊರಡುತ್ತಾರಂತೆ, ಬೆಲ್ಲ ತರಬೇಕೋ ಎಂದು ಕೇಳುತ್ತ ಚಪ್ಪಲಿ ಬಿಟ್ಟ.

ಹೀರಾಬಾಯಿ ಮೊಮ್ಮಗಳ ತಲೆಯನ್ನು ಮೆತ್ತಗೆ ಕೆಳಗಿಟ್ಟು ಎದ್ದು ನಿಂತಳು.

"ಶಿವ್ಯಾ, ನಾಳಿ ಅಮಾಸಿ ಅದ."

ಶಿವಕಾಂತ ಆಕಾಶ ನೋಡಿದ. ಚಂದ್ರ ಮಾಳಿಗೆಯ ಮೇಲೆ ಹಾಗೆಯೇ ಇದ್ದ.

"ಏನವ್ವ, ಅರ್ಧ ಚಂದ್ರ ಎದುರಿಗಿ ಅದ. ನಾಳಿ ಹ್ಯಾಂಗ ಅಮಾಸಿ ಆಗ್ತದ?"

"ಆಸರಾ ಬಂದಾರ. ಸರಿತಾಗ ಹಿಡಿದಾರ. ನಾಳಿ ಅಕಿ ಬೆಂಕಿ, ನೀರು, ಕಸಬರಿಗಿ ಮುಟ್ಟಂಗಿಲ್ಲ."

ಅವನು ನಗಲು ಬಾಯಿ ತೆರೆದ. ತಾಯಿಯ ಮುಖ ನೋಡಿ ಮುಚ್ಚಿದ. ಒಳಗೆ ಹೋಗಿ, ಗೋಡೆಗೆ ಆನಿಸಿದ ಹೆಂಡತಿಯ ತಲೆಯನ್ನೂ ಚೆಲ್ಲಿದ ಬೇಳೆಯನ್ನೂ ನೋಡಿದ. ತಿರುಗಿ ಬಂದಾಗ ಅವನ ದನಿ ಇಳಿದಿತ್ತು.

"ಅಪ್ಪನ ಅಮಾಸಿ ಏನವ್ವ ಇದು?"

ಹೀರಾಬಾಯಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಸಣ್ಣ ಹುಡುಗನಾಗಿದ್ದ ಇವನಿಗೂ ಗೊತ್ತಿತ್ತು! ತನ್ನೊಬ್ಬಳಿಗೆ ಗೊತ್ತಿರಲಿಲ್ಲ.

"ಹೂಂನಪ್ಪ" ಎಂದಳು, "ಅದೇ."

ಶಿವಕಾಂತ ಅಂಗಳದಲ್ಲೇ ನಿಂತು ಔರಾದಕ್ಕೆ ಫೋನು ಹಚ್ಚಿದ. ನಾಳೆ ಬೇಡ, ಮುಂದಿನ ವಾರ ಬನ್ನಿ, ನಮ್ಮ ಮನೆಯಲ್ಲಿ ಅಮಾವಾಸ್ಯೆ ಎಂದ. ಕಾಂತಾಬಾಯಿಯ ಗಂಟಲು ಫೋನು ದಾಟಿ ಕಟ್ಟೆಯವರೆಗೂ ಬಂತು.

"ಯಾವ ಪಂಚಾಂಗದಾಗೋ ಅದು?"

"ನಮ್ಮ ಮನಿ ಪಂಚಾಂಗದಾಗ್ರಿ ಮಾಮಿ" ಎಂದು ಅವನು ಫೋನು ಇಟ್ಟ. ಕಾಂತಾಬಾಯಿ ಆಮೇಲೆ ಆರು ತಿಂಗಳು ಮಾತು ಬಿಟ್ಟಿದ್ದಳು. ಅದು ಬೇರೆ ಮಾತು.

ರವಿವಾರ ಸರಿತಾ ರೂಢಿಯಂತೆ ಬೆಳಗಾಗುವ ಮೊದಲೇ ಎದ್ದು ಕೂತಳು. ಅತ್ತೆ ಬೇಡವೆಂದು ಕೈ ಮಾಡಿದಳು. ಏಳಬಾರದು ಎನ್ನುವುದು ಅರ್ಥವಾಗಲು ಅವಳ ಮೈಗೆ ಸ್ವಲ್ಪ ಹೊತ್ತು ಹಿಡಿಯಿತು. ಮಲಗಿದವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಹೀರಾಬಾಯಿ ತನ್ನ ಹಳೆಯ ಕಂಬಳಿಯನ್ನು ತಂದು ಅವಳ ಬೆನ್ನಿಗೆ ಹೊದಿಸಿದಳು. ಅದರಲ್ಲಿನ್ನೂ ಕುರಿಯ ವಾಸನೆ ಇತ್ತು.

ಶಿವಕಾಂತನ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಕಾದವು. ಎಲ್ಲರೂ ತಿಂದರು. ಮಧ್ಯಾಹ್ನ ದಾಟಿದ ಮೇಲೆ ಅವನು ನಲ್ಲಿಯ ಬಳಿ ಕುಕ್ಕರುಗಾಲಲ್ಲಿ ಕೂತು, ತವೆಯ ಮಸಿ ತಿಕ್ಕಿ ತಿಕ್ಕಿ ಸೋಲುತ್ತಿದ್ದ. ಸಿದ್ದೂ ಓಡಿ ಬಂದು ಮೂಡಲ ಕಡೆ ಕೈ ತೋರಿಸಿದಳು. ಬಿಸಿಲಿನಲ್ಲೇ ಬಿಳಚಿಕೊಂಡ ಚಂದ್ರ ಎದ್ದಿದ್ದ.

"ಅಪ್ಪಾ, ಅಲ್ಲಿ ನೋಡು, ಚಂದ್ರ."

ಅವನು ನೋಡಿದ. ಒಳಗೆ ಸರಿತಾಳ ಉಸಿರು ಒಂದೇ ಸಮನೆ ಕೇಳುತ್ತಿತ್ತು.

"ಎಲ್ಲೀದವ್ವ, ನನಗ ಕಾಣವಲ್ದು" ಎಂದು ತಲೆ ತಗ್ಗಿಸಿ ಮತ್ತೆ ತವೆ ತಿಕ್ಕತೊಡಗಿದ.

ಬಾಗಿಲ ಮಗ್ಗುಲಲ್ಲಿ ಕೂತಿದ್ದ ಹೀರಾಬಾಯಿ ಕಣ್ಣು ಮುಚ್ಚಿದಳು.