ರೈಟರ್ ಕಣ್ಣಿಗೆ ಬಿದ್ದ ಕಾರ್ಡು

ಹೆತ್ತೂರಿನ ಹತ್ತಿರ ನಾನೂ ನನ್ನ ಸೊಸೆಯೂ ಕಾಳುಮೆಣಸಿನ ಸಸಿಗಳ ನರ್ಸರಿ ನಡೆಸುತ್ತೇವೆ. ಮಳೆ ಹಿಡಿದ ಕೂಡಲೇ ಸಸಿ ಮಾರಾಟವಾಗಬೇಕು. ನೆಡುವ ಕಾಲ ಕಳೆದರೆ ಬೇರು ಚೀಲದೊಳಗೇ ಸುತ್ತಿಕೊಳ್ಳುತ್ತದೆ, ಬುಡ ಕೊಳೆಯುತ್ತದೆ. ಹೋದ ವರ್ಷ ಹಾಗೇ ಆಯಿತು. ಸೊಸೆ ಸುತ್ತಲಿನ ಎಸ್ಟೇಟ್‌ಗಳಿಗೆಲ್ಲ ಚೆಂದದ ಕಾಗದ ಟೈಪು ಮಾಡಿಸಿ, ಕವರಿಗೆ ಹಾಕಿ, ಅಂಟಿಸಿ ಕಳಿಸಿದಳು. ಒಬ್ಬರೂ ಬರಲಿಲ್ಲ. ಅರ್ಧಕ್ಕರ್ಧ ಸಸಿಯನ್ನು ನಾವೇ ಗೊಬ್ಬರದ ಗುಂಡಿಗೆ ಹಾಕಿದೆವು. ಈ ವರ್ಷವೂ ಹೀಗಾದರೆ ನರ್ಸರಿ ಮುಚ್ಚಿಬಿಡಿ ಎಂದು ಮಗ ಹೇಳಿಬಿಟ್ಟಿದ್ದ.

ಈ ಸಲವೂ ಕವರು ತರಲು ಹೊರಟ ಸೊಸೆಯನ್ನು ತಡೆದೆ.

"ಕವರ್ ಬ್ಯಾಡ ಕಣೇ. ಕಾರ್ಡ್ ಹೊಡ್ಸು. ಒಂದ್ ಕಡೆ ಬಳ್ಳಿ ಚಿತ್ರ, ನಮ್ ಜಾಗ, ಫೋನು. ಇನ್ನೊಂದ್ ಕಡೆ ವಿಳಾಸ."

"ಬಿಚ್ಚಿದ್ ಕಾಗ್ದ ದಾರೀಲಿ ಎಲ್ರೂ ಓದ್ತಾರೆ ಅತ್ತೆ."

"ಓದ್ಲಿ ಅಂತ್ಲೇ ಅಲ್ವೇನೇ ಹಾಕದು? ನೀನೇನು ಗಂಡಂಗೆ ಬರೀತಿದೀಯಾ?"

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ವರ್ಷಗಟ್ಟಲೆ ಇದ್ದವಳು. ಸಂಬಳಕ್ಕೆ ಆಫೀಸಿನ ಮುಂದೆ ನಿಂತಾಗ ನೋಡಿದ್ದೇನೆ. ಟಪಾಲು ಬಂದರೆ ಮೊದಲು ಮುಟ್ಟುವುದು ರೈಟರ್, ಎಂದರೆ ತೋಟದ ಕೆಲಸ, ಹಾಜರಿ ನೋಡಿಕೊಳ್ಳುವವನು. ಧಣಿಯ ಹೆಸರಿನ ಕವರನ್ನು ಅವನು ಒಡೆಯುವ ಹಾಗಿಲ್ಲ. ಧಣಿ ಬರುವವರೆಗೆ ಅದು ಮೇಜಿನ ಮೇಲೇ ಬಿದ್ದಿರುತ್ತದೆ. ಅಷ್ಟರಲ್ಲಿ ನೆಡುವ ಕಾಲ ಮುಗಿದಿರುತ್ತದೆ. ಮೆಣಸು ಹಬ್ಬಿಸಿದ ಯಾವ ಸಿಲ್ವರ್ ಮರದ ಬುಡದಲ್ಲಿ ಬಳ್ಳಿ ಸತ್ತಿದೆ ಎಂದು ಗೊತ್ತಿರುವುದೂ ರೈಟರಿಗೇ. ಸತ್ತ ಕಡೆಗೆ ಹೊಸ ಸಸಿ ತರಿಸುವುದೂ ಅವನೇ. ಅವನ ಕಣ್ಣಿಗೆ ಬಿದ್ದರೆ ಸಾಕು.

ಸಕಲೇಶಪುರದ ಪ್ರೆಸ್ಸಿನವನು ಮೂಗು ಮುರಿದ. "ಕವರ್ ಇಲ್ದಿದ್ರೆ ಮರ್ಯಾದೆ ಇರಲ್ಲ ಅಜ್ಜಿ."

"ಹೋದ್ ವರ್ಷ ಮರ್ಯಾದೆಯಾಗೇ ಕಳ್ಸಿದ್ವಿ ಮಾರಾಯ, ಸಸಿ ಗುಂಡಿ ಸೇರ್ತು. ದಪ್ಪ ಕಾರ್ಡಲ್ಲಿ ಹೊಡ್ಕೊಡು. ಮಳೇಲಿ ಮುದ್ದೆ ಆಗ್ಬಾರ್ದು."

ಮುಂಗಾರು ಹಿಡಿಯುವ ಹೊತ್ತಿಗೆ ಪೋಸ್ಟಿಗೆ ಹಾಕಿದೆವು. ಕೆಲವು ದಿನ ಯಾರ ಸುಳಿವೂ ಇಲ್ಲ. ಸೊಸೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದಳು. ನಾನು ಕಿವಿ ಕೇಳದವಳಂತೆ ಕಳೆ ಕೀಳುತ್ತಿದ್ದೆ.

ಆಮೇಲೆ ಹೊಂಗಡಹಳ್ಳದ ಕಡೆಯಿಂದ ಒಂದು ಪಿಕಪ್ ಬಂತು. ಒಬ್ಬ ರೈಟರ್ ಕಾರ್ಡು ಹಿಡಿದುಕೊಂಡೇ ಇಳಿದ.

"ಅಜ್ಜಿ, ಈ ಬಳ್ಳಿ ಐತಾ, ಇಲ್ಲ ಬರೀ ಚಿತ್ರಾನಾ?"

"ಕಣ್ ಐತಲ್ಲ, ನೋಡು."

ನೋಡಿದ, ಗಾಡಿ ತುಂಬಿಸಿದ. ಸಂಜೆಗೆ ಪಕ್ಕದ ಎಸ್ಟೇಟಿನ ರೈಟರ್, ಮರುದಿನ ಇನ್ನಿಬ್ಬರು. ನಾವು ಕಾರ್ಡೇ ಹಾಕದ ಸಣ್ಣ ತೋಟದವರೂ ಬಂದರು. ಪೋಸ್ಟಿನವನು ಟೀ ಕುಡಿಯುವ ಅಂಗಡಿಯಲ್ಲಿ ಓದಿದರಂತೆ. ಸೊಸೆಗೆ ಊಟಕ್ಕೂ ಪುರುಸೊತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಒಬ್ಬ ಧಣಿ ಕಾರಿನಲ್ಲಿ ಬಂದರು. ನರ್ಸರಿಯಲ್ಲಿ ಉಳಿದಿದ್ದು ನೆರಳಿನ ಬಲೆ ಮಾತ್ರ.

"ಏನಮ್ಮ, ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ ರೈಟರ್ ಮೊನ್ನೇನೇ ತಗಂಡೋದ ಕಣ್ರೀ. ತೋಟಕ್ಕೆ ಹೋಗಿ ನೋಡಿ, ನೆಟ್ಟಾಗೈತೆ."

ಸೊಸೆ ನಗು ತಡೆಯಲಾರದೆ ಒಳಗೆ ಓಡಿದಳು. ಮುಂದಿನ ವರ್ಷಕ್ಕೆ ಇನ್ನೊಂದು ಚಪ್ಪರ ಬೇಕೆಂದು ಮಗ ಅವತ್ತೇ ಗುಂಡಿ ತೋಡಿ ಕಂಬ ನೆಟ್ಟ.