ಬಟ್ಟಲು ತೊಳೆದು ಪ್ರಶ್ನೆ ಕೇಳುತ್ತಿದ್ದ ಯಾಂಜಿಮಾ

ಯಾಂಜಿಮಾಗೆ ಮೋಸವಾಯಿತು. ಯಾರು ಯಾರು ಮಾಡಿದರು ಎಂದು ಹೇಳುತ್ತೇನೆ, ಒಬ್ಬರನ್ನೂ ಬಿಡುವುದಿಲ್ಲ. ನಮ್ಮ ರಾಜಧಾನಿ ಉಲಾನ್‌ಬಾತರಿನ ಸಮೀಕ್ಷೆ ಕಚೇರಿಗಳಲ್ಲಿ ಈಗಲೂ ಹೊಸ ಹುಡುಗಿಯರಿಗೆ ತರಬೇತಿ ಕೊಡುವಾಗ, "ಆ ಯಾಂಜಿಮಾ ಥರ ಉತ್ತರಗಳನ್ನ ನೀವೇ ಹುಟ್ಟಿಸಿಕೊಂಡು ಬರಬೇಡಿ" ಅನ್ನುತ್ತಾರಂತೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹನ್ನೊಂದು ವರ್ಷ ಆಕೆಯನ್ನು ನನ್ನ ಹಳೇ ಫುರ್ಗೋನ್ ವ್ಯಾನಿನಲ್ಲಿ ಕೂರಿಸಿಕೊಂಡು ದೇಶವೆಲ್ಲ ಸುತ್ತಿದ ಡ್ರೈವರ್ ನಾನು, ಗೊಂಬೊ. ಆಕೆ ಒಂದಕ್ಷರ ಸುಳ್ಳು ಬರೆದದ್ದನ್ನು ನಾನು ಕಂಡಿಲ್ಲ.

ಕೆಲಸ ಏನಪ್ಪಾ ಅಂದರೆ, ಪರದೇಶದ ದೊಡ್ಡ ಸಂಸ್ಥೆಗಳು ನಮ್ಮ ದೇಶಕ್ಕೆ ಸಾಲ, ಅನುದಾನ, ಅದರ ಮೇಲೊಂದಿಷ್ಟು ಬುದ್ಧಿಮಾತು ಎಲ್ಲ ಕೊಡುತ್ತವಲ್ಲ, ಅವು ಮೂರು ವರ್ಷಕ್ಕೊಮ್ಮೆ ಜನರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿಸುತ್ತವೆ. ದೇಶ ಮುಂದೆ ಬರಬೇಕಾದರೆ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಏನು? ರಸ್ತೆಯೋ, ಶಾಲೆಯೋ, ಉದ್ಯೋಗವೋ, ಲಂಚ ನಿಲ್ಲಿಸುವುದೋ? ಪರದೇಶದ ನೆರವಿನಿಂದ ನಿಮಗೆಷ್ಟು ಉಪಯೋಗವಾಗಿದೆ? ಒಂದರಿಂದ ಹತ್ತರೊಳಗೆ ಅಂಕ ಕೊಡಿ.

ಈ ಅಂಕದ ಪ್ರಶ್ನೆಯಲ್ಲೇ ಎಲ್ಲರೂ ಎಡವುತ್ತಿದ್ದರು. ಒಮ್ಮೆ ಒಬ್ಬ ಮುದಿ ಕುರಿಗಾಹಿ, ಯಾಂಜಿಮಾ ಪ್ರಶ್ನೆ ಓದಿ ಮುಗಿಸುವ ಮೊದಲೇ "ಹತ್ತು" ಅಂದುಬಿಟ್ಟ.

"ಯಾಕಜ್ಜ ಹತ್ತು? ನಿಮಗೇನಾದ್ರೂ ನೆರವು ಬಂದಿತ್ತಾ?"

"ಇಲ್ವಲ್ಲ."

"ಮತ್ತೆ?"

"ಅಷ್ಟು ದೂರದಿಂದ ಮನೆಗೆ ಬಂದು ಕೇಳ್ತಿದ್ದೀಯ. ಬಂದೋರಿಗೆ ಎರಡು, ಮೂರು ಅಂತ ಕೊಟ್ಟು ಕಳಿಸೋಕಾಗುತ್ತೇನಮ್ಮಾ?"

ಬೇರೆಯವರಾಗಿದ್ದರೆ ಹತ್ತು ಎಂದು ಬರೆದುಕೊಂಡು ಮುಂದಿನ ಗುಡಾರಕ್ಕೆ ನಡೆಯುತ್ತಿದ್ದರು. ಯಾಂಜಿಮಾ ಮಾತ್ರ ಅವರು ಕೊಟ್ಟ ಉಪ್ಪು ಚಹಾ ಕುಡಿದು, ಎದ್ದು, ಮನೆಯಾಕೆಯ ಕೈಯಿಂದ ಬಟ್ಟಲುಗಳನ್ನು ಕಸಿದುಕೊಂಡು ತೊಳೆಯಲು ಕೂತಳು. ಬಟ್ಟಲು ತೊಳೆದವಳು ಅತಿಥಿಯಾಗಿ ಉಳಿಯುವುದಿಲ್ಲ ನೋಡಿ, ಮನೆಯವಳಾಗಿಬಿಡುತ್ತಾಳೆ. ಕೈ ಒರೆಸಿಕೊಂಡು ಬಂದು ಅದೇ ಪ್ರಶ್ನೆಗಳನ್ನು ಮತ್ತೆ ಮೊದಲಿನಿಂದ ಕೇಳಿದಳು. ಮುದುಕ ಈ ಸಲ ಎರಡು ಅಂಕ ಕೊಟ್ಟ, ಅದೂ ಅರ್ಧ ಗಂಟೆ ಜಗಳವಾಡಿ.

ಆಕೆಯ ಸ್ವಭಾವವೇ ಹಾಗೆ. ಜಾನುವಾರೆಲ್ಲ ಸರ್ಕಾರಿ ಸಹಕಾರ ಸಂಘಗಳದ್ದಾಗಿದ್ದ ಕಾಲದಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗಿ, ವರ್ಷದ ಕೊನೆಗೆ ಜಾನುವಾರು ಎಣಿಸುವ ಕೆಲಸಕ್ಕೆ ಸೇರಿದ್ದಳು. ಹಿಮಕ್ಕೆ ಸತ್ತ ಕುರಿಗಳನ್ನೂ ಬದುಕಿದವುಗಳ ಜೊತೆ ಸೇರಿಸಿ ಬರೆ ಎಂದು ಸಂಘದ ಅಧ್ಯಕ್ಷ ಹೇಳಿದ. ಈಕೆ ಸತ್ತ ಕುರಿಗಳ ಕಿವಿ ಕತ್ತರಿಸಿ ತಂದು ಅವನ ಮೇಜಿನ ಮೇಲೆ ಸುರಿದಳು. ಆ ವರ್ಷ ಆಕೆಗೆ ಬಡ್ತಿ ತಪ್ಪಿತು, ಹಾಗೇ ಆಗಬೇಕಾಗಿದ್ದ ಮದುವೆಯೂ ತಪ್ಪಿತು, ಏಕೆಂದರೆ ವರ ಆ ಅಧ್ಯಕ್ಷನ ತಮ್ಮನ ಮಗ. ಈ ಕತೆಯನ್ನು ಆಕೆ ನಕ್ಕುಕೊಂಡೇ ಹೇಳುತ್ತಿದ್ದಳು. ಆಮೇಲೆ ಮದುವೆ ಮಾಡಿಕೊಳ್ಳಲೇ ಇಲ್ಲ.

ನಮ್ಮ ಕಚೇರಿಯ ಮುಖ್ಯಸ್ಥ ಎನೆಬಿಶ್ ಆಕೆಯ ಕೈಕೆಳಗೆ ಪಳಗಿದವನು. ಕುರಿಗಾಹಿಗಳ ನಾಯಿಗೆ ಹೆದರಿ ವ್ಯಾನಿನಿಂದ ಇಳಿಯದೆ ಕೂತಿದ್ದವನನ್ನು ಕೈ ಹಿಡಿದು ಇಳಿಸಿದವಳು ಆಕೆ. ಇಂಗ್ಲಿಷ್ ಬರುತ್ತಿತ್ತು, ಬಡ್ತಿ ಸಿಕ್ಕಿ ಮೇಲೆ ಹೋದ. ಹೋಗಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. "ಅಕ್ಕ, ಒಂದು ಮನೆಗೆ ನಲವತ್ತೇ ನಿಮಿಷ. ನೀವು ಪಾತ್ರೆ ತೊಳೀತಾ ಕೂತ್ರೆ ಹೇಗೆ?" ಎಂದು ಹಲ್ಲು ಕಿರಿಯುತ್ತಿದ್ದ. ಹಾಗೆಂದವನೇ ಒಳ್ಳೆಯ ಉತ್ತರ ಬೇಕಾದ ಊರಿಗೆಲ್ಲ ಆಕೆಯನ್ನೇ ಕಳಿಸುತ್ತಿದ್ದ.

ಹಾಗೆ ಒಂದು ಫೆಬ್ರವರಿಯಲ್ಲಿ ನಾವು ಪಶ್ಚಿಮದ ಒಂದು ಊರಿಗೆ ಹೋದೆವು. ಊರಿನ ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಶಾಲೆಯ ವಸತಿನಿಲಯದ ಅಡುಗೆಯವಳು ಪುರೇವ್ ಎಂಬಾಕೆ ನಮ್ಮ ಪಟ್ಟಿಯಲ್ಲಿದ್ದಳು. ಅಡುಗೆಮನೆಯ ಒಲೆಯ ಪಕ್ಕ ನನಗೂ ಒಂದು ಸ್ಟೂಲು ಸಿಕ್ಕಿತು. ಮಾಂಸ ತುಂಬಿದ ಖುಶೂರ್ ಕಡುಬನ್ನು ಬಿಸಿ ಬಿಸಿ ಕರಿದು ಹಾಕಿದಳು, ನಾನು ನಾಚಿಕೆ ಬಿಟ್ಟು ತಿಂದೆ.

ಯಾಂಜಿಮಾ ಮೊದಲು ನಿಯಮದಂತೆ ಓದಿ ಹೇಳಿದಳು: ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ನೀವು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಪುರೇವ್ ತಲೆಯಾಡಿಸಿ ಎಲ್ಲದಕ್ಕೂ ಹತ್ತು ಅಂಕ ಕೊಟ್ಟಳು. ಯಾಂಜಿಮಾ ತೋಳು ಮಡಿಚಿ ಬಟ್ಟಲು ತೊಳೆಯಲು ನಿಂತಳು. ಮಕ್ಕಳ ಬಟ್ಟಲುಗಳು, ತೊಂಬತ್ತಾದರೂ ಇದ್ದವು. ಅರ್ಧ ಮುಗಿಯುವಷ್ಟರಲ್ಲಿ ಪುರೇವ್ ತಾನಾಗಿಯೇ ಬಾಯಿ ಬಿಟ್ಟಳು.

"ಅಕ್ಕ, ದೇಶಕ್ಕೇನು ಬೇಕೋ ನಂಗೊತ್ತಿಲ್ಲ. ನಂಗೆ ಆ ಬೀಗದ ಕೈ ಕೊಡಿಸಿ ಸಾಕು."

"ಯಾವ ಬೀಗಾನೇ?"

"ಪರದೇಶದೋರು ಒಳಗಡೆನೇ ಶೌಚಾಲಯ ಕಟ್ಸಿಕೊಟ್ರಲ್ಲ, ಬಿಸಿನೀರು, ಬಿಳೀ ಟೈಲ್ಸು ಎಲ್ಲಾ. ಹೆಡ್‌ಮಾಸ್ಟ್ರು ಬೀಗ ಜಡಿದಿದ್ದಾರೆ. ಮಕ್ಕಳು ಹಾಳು ಮಾಡ್ತಾವಂತೆ. ನೋಡೋಕೆ ಯಾರಾದ್ರೂ ಬಂದಾಗ ಮಾತ್ರ ತೆಗೀತಾರೆ. ಆರು ವರ್ಷದ ಕೂಸುಗಳಕ್ಕ! ಈ ಚಳೀಲಿ ಅಂಗಳ ದಾಟಿ ಗುಂಡಿಗೆ ಹೋಗ್ಬೇಕು. ಹೆದ್ರಿಕೊಂಡು ಹಾಸಿಗೇಲೇ ಮಾಡ್ಕೊಳ್ತವೆ, ಬೆಳಿಗ್ಗೆ ಬೈಸ್ಕೊಳ್ತವೆ. ಅದಕ್ಕೇ ನಾನು ಸಂಜೆ ಹೊತ್ತು ಸಾರು ಕಮ್ಮಿ ಬಡಿಸ್ತೀನಿ. ಇನ್ನೊಂದು ಸೌಟು ಅಂತ ಬಟ್ಟಲು ಚಾಚಿದ್ರೆ ಇಲ್ಲ ಅಂತೀನಿ. ಪಾತ್ರೇಲಿ ಇಟ್ಕೊಂಡೇ ಇಲ್ಲ ಅಂತೀನಿ."

ಹೇಳಿ ಅತ್ತಳು. ಯಾಂಜಿಮಾ ಎಲ್ಲವನ್ನೂ ಬರೆದುಕೊಂಡಳು. ನಮೂನೆಯ ಕೊನೆಗೆ 'ಈ ಮಾತುಗಳನ್ನು ಪ್ರಕಟಿಸಬಹುದೇ' ಎಂಬ ಕಡೆ 'ಕೂಡದು' ಎಂದು ಗುರುತು ಹಾಕಿ, ಪುರೇವ್‌ಗೆ ತೋರಿಸಿದಳು. "ಇದು ಈ ಅಡುಗೆಮನೆ ದಾಟಲ್ಲ. ನನ್ನ ಮಾತು ನಂಬು" ಅಂದಳು.

ಶರತ್ಕಾಲದಲ್ಲಿ ವರದಿ ಬಂತು. ನುಣುಪು ಕಾಗದ, ರಟ್ಟಿನ ಮೇಲೆ ನಗುವ ಮಕ್ಕಳು. ಒಳಗೆ, ಆ ಊರಿನ ಹೆಸರಿರುವ ಪುಟದಲ್ಲಿ, ನೀಲಿ ಚೌಕದೊಳಗೆ ಪುರೇವ್ ಹೇಳಿದ್ದು ಪೂರ್ತಿ, ಬೀಗದ ಕೈಯಿಂದ ಹಿಡಿದು ಸಾರಿನ ಸೌಟಿನವರೆಗೆ. ಕೆಳಗೆ ಸಣ್ಣಕ್ಷರದಲ್ಲಿ: 'ಮಹಿಳೆ, 47 ವರ್ಷ, ಶಾಲಾ ವಸತಿನಿಲಯದ ಅಡುಗೆಯವರು.'

ಹೆಸರಿಲ್ಲ. ಸರಿಯಪ್ಪಾ, ಹೆಸರಿಲ್ಲ! ಎರಡು ಸಾವಿರ ಜನರ ಊರು, ಒಂದೇ ಶಾಲೆ, ಒಂದೇ ಅಡುಗೆಮನೆ, ಅದರಲ್ಲಿ ಒಬ್ಬಳೇ ಅಡುಗೆಯವಳು. ಕೋಟಿಗಟ್ಟಲೆ ಜನ ಇರುವ ದೇಶದಲ್ಲಿ ಕೂತು ಮಾಡಿದ ನಿಯಮ ಅದು. ನಮ್ಮಲ್ಲಿ ಅಷ್ಟು ಹೇಳಿದರೆ ಮನೆಯ ಬಾಗಿಲಿಗೇ ಕರೆದುಕೊಂಡು ಹೋಗಿ ನಿಲ್ಲಿಸಿದಂತೆ. ಸಾಲದ್ದಕ್ಕೆ ಎನೆಬಿಶ್ ಆ ವರದಿಯನ್ನು ಗೋಡೆ ಕ್ಯಾಲೆಂಡರ್ ಜೊತೆ ಎಲ್ಲ ಶಾಲೆಗಳಿಗೂ ಉಡುಗೊರೆಯಾಗಿ ಕಳಿಸಿದ್ದ. ಹೆಡ್‌ಮಾಸ್ಟರ್ ಓದಿದ. ಮಾರನೇ ದಿನ ಅಡುಗೆಮನೆಗೆ ಬೇರೆಯವಳು ಬಂದಳು.

ಪುರೇವ್ ಫೋನ್ ಮಾಡಿದಾಗ ಯಾಂಜಿಮಾ ವ್ಯಾನಿನಲ್ಲಿ ನನ್ನ ಪಕ್ಕದಲ್ಲೇ ಇದ್ದಳು. ಆ ಕಡೆಯ ಧ್ವನಿ ನನಗೂ ಕೇಳಿಸಿತು.

"ಅಕ್ಕ, ನೀವು ನನ್ನ ಬಟ್ಟಲು ತೊಳೆದ್ರಿ. ನಾನು ನಿಮ್ಮನ್ನ ಮನೆಯೋರು ಅಂದ್ಕೊಂಡೆ."

ಅಷ್ಟೇ ಹೇಳಿ ಇಟ್ಟುಬಿಟ್ಟಳು. ಯಾಂಜಿಮಾ ಫೋನನ್ನು ಚೀಲಕ್ಕೆ ಹಾಕಿದಳು. ಆಮೇಲೆ, "ಗೊಂಬೊ ಅಣ್ಣ, ಕಚೇರಿಗೆ ತಿರುಗಿಸಿ" ಅಂದಳು.

ಎನೆಬಿಶ್ ಕುರ್ಚಿಯಿಂದ ಏಳಲೂ ಇಲ್ಲ.

"ಕೂಡದು ಅಂತ ಗುರುತು ಹಾಕಿದ್ದೆ. ನೋಡ್ಲಿಲ್ವೇನೋ?"

"ಅಕ್ಕ, ಅನುವಾದ ಆಗುವಾಗ ಆ ಕಾಲಂ ಬಿಟ್ಟೋಗಿದೆ. ಆದ್ರೆ ಹೆಸರು ಹಾಕಿಲ್ವಲ್ಲ? ನಿಯಮ ಮುರಿದಿಲ್ಲ. ನಿಜ ಹೇಳ್ಬೇಕಂದ್ರೆ ಇಡೀ ವರದೀಲಿ ಅವರಿಗೆ ಹಿಡಿಸಿದ್ದೇ ಆ ಚೌಕ."

"ಹಿಡಿಸ್ತಂತೆ! ಅವಳ ಅನ್ನ ಹೋಯ್ತಲ್ಲೋ, ಅದನ್ನ ಯಾವ ಚೌಕದಲ್ಲಿ ಹಾಕ್ತೀಯ?"

ಅವನು ಕಂಪ್ಯೂಟರ್ ಕಡೆ ತಿರುಗಿದ. ಅಷ್ಟು ವರ್ಷ ಅಕ್ಕ, ಅಕ್ಕ ಎಂದು ಹಿಂದೆ ಸುತ್ತಿದವನು.

ಅಲ್ಲಿಗೂ ಮುಗಿಯಲಿಲ್ಲ. ಬರೆದಿರುವುದು ಶುದ್ಧ ಸುಳ್ಳು, ಶೌಚಾಲಯ ಸದಾ ತೆರೆದಿದೆ ಎಂದು ಹೆಡ್‌ಮಾಸ್ಟರ್ ದಾನಿ ಸಂಸ್ಥೆಗೆ ದೂರು ಕೊಟ್ಟ. ಸಂಸ್ಥೆಯ ಮೇಡಂ ಒಬ್ಬರು ವಿಚಾರಣೆಗೆ ಹೊರಟರು. ಯಾಂಜಿಮಾಗೆ ಇದರಿಂದ ಆಸೆ ಹುಟ್ಟಿತು. ಮೇಡಂ ಎದುರು ಸತ್ಯ ಹೇಳಿದರೆ ಬೀಗವೂ ತೆರೆಯುತ್ತದೆ, ಪುರೇವ್ ಕೆಲಸವೂ ಮರಳುತ್ತದೆ ಎಂದು ಲೆಕ್ಕ ಹಾಕಿದಳು. ಪುರೇವ್‌ಗೆ ಏಳು ಸಲ ಫೋನ್ ಮಾಡಿದಳು. ಏಳನೇ ಸಲ ಅವಳು ಎತ್ತಿದಳು.

"ನೀನೊಬ್ಬಳೇ ಅಲ್ಲ ಕಣೇ. ನಾನಿದ್ದೀನಿ, ಗೊಂಬೊ ಅಣ್ಣನೂ ಅಲ್ಲೇ ಕೂತು ಕೇಳಿದ್ದಾರೆ. ಮೂರು ಜನ ಒಂದೇ ಮಾತು ಹೇಳಿದ್ರೆ ಯಾರೂ ಅಲ್ಲಾಡ್ಸೋಕಾಗಲ್ಲ. ಬಾ." ನನ್ನ ಕಡೆ ತಿರುಗಿ, "ಹೇಳ್ತೀರಲ್ಲಾ ಅಣ್ಣ?" ಅಂದಳು.

"ಅದೇನು ಕೇಳ್ತೀಯ ತಾಯಿ, ಹೇಳದೆ ಇರ್ತೀನಾ?" ಅಂದೆ.

ಹೊರಡುವ ದಿನ ಬೆಳಿಗ್ಗೆ ನಾನು ವ್ಯಾನಿಗೆ ನೀರು ಹಾಕುತ್ತಿದ್ದಾಗ ಎನೆಬಿಶ್ ಬಂದು ಪಕ್ಕದಲ್ಲಿ ನಿಂತ. ಸಿಗರೇಟು ಕೊಟ್ಟ. "ಅಣ್ಣ, ಮುಂದಿನ ಸಲದಿಂದ ಜಪಾನಿ ಗಾಡಿಗಳೇ ಇರ್ಲಿ ಅಂತಿದ್ದಾರೆ. ಇಲ್ಲ, ಗೊಂಬೊ ಅಣ್ಣನ ಫುರ್ಗೋನೇ ಇರ್ಲಿ ಅಂತ ನಾನು ಹಟ ಹಿಡಿದಿದ್ದೀನಿ. ಡ್ರೈವರ್ ಅಂದ್ರೆ ಗಾಡಿ ಹತ್ರ ಇರ್ತಾನೆ, ಒಳಗಿನ ಮಾತು ಅವನಿಗ್ಯಾಕೆ, ಅಲ್ವಾ?" ಎಂದ. ನಾನು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ನನ್ನ ಮಗಳು ನರ್ಸಿಂಗ್ ಓದುತ್ತಿದ್ದಳು. ಇದನ್ನು ನೆಪವಾಗಿ ಹೇಳುತ್ತಿಲ್ಲ, ಆ ಹೊತ್ತಿಗೆ ತಲೆಯಲ್ಲಿ ಇದ್ದದ್ದನ್ನು ಹೇಳುತ್ತಿದ್ದೇನೆ.

ಎರಡು ದಿನದ ದಾರಿ; ಮೇಡಂ, ಎನೆಬಿಶ್ ಬೇರೆ ಗಾಡಿಯಲ್ಲಿ. ಶಾಲೆ ತಲುಪಿದಾಗ ಶೌಚಾಲಯದ ಬಾಗಿಲು ಅಗಲವಾಗಿ ತೆರೆದಿತ್ತು, ಕನ್ನಡಿಯ ಮೇಲೆ ಕಾಗದದ ಹೂವು. ಮೇಡಂ ನಲ್ಲಿ ತಿರುಗಿಸಿ ಬಿಸಿನೀರು ಮುಟ್ಟಿ ನೋಡಿದರು. ಆಮೇಲೆ ನಮ್ಮನ್ನೆಲ್ಲ ಶಿಕ್ಷಕರ ಕೋಣೆಗೆ ಕರೆದರು. ಹೆಡ್‌ಮಾಸ್ಟರ್ ಒಂದು ಕಡೆ, ಎನೆಬಿಶ್ ಪಕ್ಕದಲ್ಲಿ ಅನುವಾದಕ್ಕೆ. ಬಾಗಿಲ ಹತ್ತಿರ ಪುರೇವ್, ಹಬ್ಬಕ್ಕೆ ತೊಡುವ ನೀಲಿ ದೇಲ್ ನಿಲುವಂಗಿ ತೊಟ್ಟು ಬಂದಿದ್ದಳು. ಹೇಳಲೇಬೇಕೆಂದು ಗಟ್ಟಿ ಮಾಡಿಕೊಂಡು ಬಂದವಳ ಮುಖ ಅದು.

ಎನೆಬಿಶ್ ಮೊದಲು ನನ್ನನ್ನೇ ಕೇಳಿದ. "ಗೊಂಬೊ ಅಣ್ಣ, ಆವತ್ತು ಈ ಅಡುಗೆಯವರು ಮಾತಾಡಿದ್ದನ್ನ ನೀವು ಕೇಳಿದ್ರಾ?"

"ನಾನು ಹೊರಗಿದ್ದೆ. ಗಾಡಿ ಚಕ್ರದ ಬೋಲ್ಟು ಬಿಗಿ ಮಾಡ್ತಿದ್ದೆ" ಅಂದೆ.

ನನ್ನ ಬಾಯಿಂದಲೇ ಬಂತು. ಯಾರೂ ಕತ್ತು ಹಿಡಿದಿರಲಿಲ್ಲ.

ಪುರೇವ್ ನನ್ನನ್ನು ನೋಡಿದಳು. ಬಡಿಸಿದ ಕೈಯಲ್ಲವೇ, ನಾನು ಎಲ್ಲಿ ಕೂತಿದ್ದೆ ಎಂದು ಅವಳಿಗೆ ಗೊತ್ತು. ಆಮೇಲೆ ಹೆಡ್‌ಮಾಸ್ಟರನ್ನು ನೋಡಿದಳು. ಗಟ್ಟಿ ಮಾಡಿಕೊಂಡು ಬಂದದ್ದೆಲ್ಲ ಮುಖದಿಂದ ಇಳಿದು ಹೋಯಿತು.

"ನಾನು... ಚಹಾ ಕೊಟ್ಟೆ ಅಷ್ಟೆ. ಏನೂ ಹೇಳ್ಲಿಲ್ಲ."

ಮೇಡಂ ಯಾಂಜಿಮಾ ಕಡೆ ತಿರುಗಿದರು. ಆಕೆ ಬೇಕಿದ್ದರೆ ಹೋರಾಡಬಹುದಿತ್ತು. ಆಕೆಯ ಕೈಬರಹದ ನಮೂನೆ ಇತ್ತು, ಹನ್ನೊಂದು ವರ್ಷದ ಹೆಸರಿತ್ತು. ಹೋರಾಡಿದ್ದರೆ ಸುಳ್ಳಿಯಾಗುತ್ತಿದ್ದದ್ದು ಪುರೇವ್. ಯಾಂಜಿಮಾ ನನ್ನ ಕಡೆ ನೋಡಲಿಲ್ಲ, ಪುರೇವ್‌ಳನ್ನೇ ನೋಡುತ್ತ ಹೇಳಿದಳು:

"ಹೌದು. ಅವಳು ಹೇಳಿದ್ದಲ್ಲ. ನಾನೇ ಬರ್ಕೊಂಡಿದ್ದು."

ಎನೆಬಿಶ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಒಂದು ಪದವೂ ತಪ್ಪದೆ ತಿರುಗಿಸಿದ. ಸತ್ತ ಕುರಿಯನ್ನು ಬದುಕಿದೆ ಎಂದು ಬರೆಯದವಳ ಕೈಯಲ್ಲಿ ಅಲ್ಲೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಪುರೇವ್‌ಗೆ ಕೆಲಸ ಮರಳಿ ಸಿಕ್ಕಿತು. ಅವಳು ಯಾಂಜಿಮಾ ಕಾಲಿಗೆ ಬೀಳುವವಳಂತೆ ಎರಡು ಹೆಜ್ಜೆ ಮುಂದೆ ಬಂದು, ಹೆಡ್‌ಮಾಸ್ಟರ್ ಇರುವುದನ್ನು ಕಂಡು ಹಾಗೇ ನಿಂತಳು.

ವಾಪಸು ಬರಲು ಆಕೆಗೆ ನನ್ನ ವ್ಯಾನೇ ಗತಿ. ಎರಡು ದಿನ ನನ್ನ ಪಕ್ಕದಲ್ಲೇ ಕೂತಳು. ಬಯ್ಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ದಾರಿ ಖಾನಾವಳಿಯಲ್ಲಿ ನನಗೂ ಚಹಾ ಹೇಳಿದಳು, ಚಳಿ ಜಾಸ್ತಿ ಎಂದಳು, ಮಗಳ ಪರೀಕ್ಷೆ ಯಾವಾಗ ಎಂದು ವಿಚಾರಿಸಿದಳು. ನಾನು ಸ್ಟಿಯರಿಂಗ್ ಹಿಡಿದು ಎದುರಿನ ದಾರಿಯನ್ನೇ ನೋಡುತ್ತ ಉತ್ತರ ಕೊಟ್ಟೆ.

ಆಕೆಯ ಮನೆಯ ಬೇಲಿಯ ಹತ್ತಿರ ನಿಲ್ಲಿಸಿದೆ. ಚೀಲ ಇಳಿಸಿಕೊಂಡಳು. ಬಾಗಿಲು ಹಾಕುವ ಮೊದಲು ನಿಂತಳು.

"ಗೊಂಬೊ ಅಣ್ಣ, ನಿಮ್ಮ ಕೈಲಿ ಆಗಲ್ಲ ಅಂತ ಹೊರಡೋಕೆ ಮುಂಚೆ ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನು ಬೇಜಾರು ಮಾಡ್ಕೋತಿರ್ಲಿಲ್ಲ. ನಿಮ್ಮನ್ನ ನಂಬಿ ಆ ಹೆಂಗಸನ್ನ ಅಲ್ಲಿಗೆ ಕರೀತಾನೂ ಇರ್ಲಿಲ್ಲ."